ಮಕ್ಕಳಿಗೆ ಊಟ–ಆಟದ ಒಳ್ಳೆಯ ರೂಢಿ: ಪ್ರಾಥಮಿಕ ಶಾಲೆಗೆ ಯಾವ ದಾರಿ ಹೊಂದುತ್ತದೆ?

ಜೂನ್‌ನಲ್ಲಿ ಶಾಲೆ ತೆರೆದು ವರ್ಷದ ಯೋಜನೆ ಬರೆಯಲು ಕೂತಾಗ, ಆರೋಗ್ಯದ ಸಾಲಿನ ಮುಂದೆ ಸಾಮಾನ್ಯವಾಗಿ ಬರುವುದು ಇವೇ: ಸೆಪ್ಟೆಂಬರ್‌ನ ಪೋಷಣ್ ಮಾಸದಲ್ಲಿ ಒಂದು ಚಿತ್ರಸ್ಪರ್ಧೆ, ಒಂದು ದಿನದ ಆರೋಗ್ಯ ತಪಾಸಣೆ, ಜಂತುಹುಳದ ಮಾತ್ರೆ, ಕೊನೆಗೆ ಕ್ರೀಡಾಕೂಟ. ಎಲ್ಲವೂ ಆಗಬೇಕಾದವೇ. ಆದರೆ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಸೊಪ್ಪು ತಿನ್ನುವ, ದಿನಾ ಮೈ ಬೆವರುವಷ್ಟು ಆಡುವ ರೂಢಿ ಇಷ್ಟರಿಂದ ಬೀಳುವುದಿಲ್ಲ. ರೂಢಿಗೆ ದಿನಾ ಆಗುವ ಕೆಲಸ ಬೇಕು.

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ಯಾವುದನ್ನು ಆರಿಸಿಕೊಳ್ಳೋಣ ಎಂದು ಸಹೋದ್ಯೋಗಿಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ)ಯವರು, ಪಾಲಕರು ಕೇಳಿದಾಗ ನಾನು ಇಟ್ಟುಕೊಂಡಿರುವ ಅಳತೆ ಒಂದೇ. ತರಗತಿಯಲ್ಲಿ ಎಲ್ಲರಿಗಿಂತ ಹಿಂದೆ ಉಳಿಯುವ ಮಗು ಇರುತ್ತದಲ್ಲ, ಓಟದಲ್ಲಿ ಕೊನೆ, ಊಟದಲ್ಲಿ ಅರ್ಧ ತಟ್ಟೆ ಬಿಡುವ ಮಗು, ಅದಕ್ಕೆ ಈ ಕ್ರಮದಿಂದ ವಾರದಲ್ಲಿ ಎಷ್ಟು ಸಲ ತಿನ್ನುವ, ಎಷ್ಟು ನಿಮಿಷ ಓಡುವ ಅವಕಾಶ ಸಿಗುತ್ತದೆ? ಕೆಳಗಿನ ಹೋಲಿಕೆಯೆಲ್ಲ ಈ ಅಳತೆಯಲ್ಲೇ ಇದೆ.

ಶುರುವಿಗೆ ಮುಂಚೆ ಒಂದು ವಿಷಯ. 2016–18ರಲ್ಲಿ ದೇಶದಾದ್ಯಂತ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ನೋಡಿದರೆ, 5ರಿಂದ 9 ವರ್ಷದ ಮಕ್ಕಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ರಕ್ತಹೀನತೆ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ತೂಕ ಜಾಸ್ತಿ ಇರುವವರು ನೂರಕ್ಕೆ ನಾಲ್ವರು. ನಗರದ ಕೆಲವು ಶಾಲೆಗಳಲ್ಲಿ ಚಿತ್ರ ಬೇರೆ ಇರಬಹುದು, ಅದಕ್ಕೆ ಮುಂದೆ ಬರುತ್ತೇನೆ. ಆದರೆ ನಮ್ಮ ಬಹುಪಾಲು ಶಾಲೆಗಳಲ್ಲಿ 'ಅದು ತಿನ್ನಬೇಡ, ಇದು ತಿನ್ನಬೇಡ' ಎಂಬ ಪಾಠಕ್ಕಿಂತ 'ಇದನ್ನೂ ತಿನ್ನು' ಎಂಬ ಪಾಠವೇ ಮೊದಲು ಬೇಕಾದದ್ದು.

ಪುಸ್ತಕದ ಪಾಠವೋ, ಬಿಸಿಯೂಟದ ತಟ್ಟೆಯೋ?

ಪರಿಸರ ಅಧ್ಯಯನದಲ್ಲಿ ಆಹಾರದ ಪಾಠ ಇದ್ದೇ ಇದೆ. ಗೋಡೆಗೆ ಚಾರ್ಟ್ ಇದೆ. ಹಾಲಿನಲ್ಲಿ ಏನಿದೆ ಎಂದರೆ ಎರಡನೇ ತರಗತಿಯವರೂ ಕ್ಯಾಲ್ಸಿಯಂ ಅಂತ ಕೂಗಿ ಹೇಳುತ್ತಾರೆ. ಪಾಠದ ಗುಣ ಏನೆಂದರೆ ಅದಕ್ಕೆ ಖರ್ಚಿಲ್ಲ, ಪರೀಕ್ಷೆಗೂ ಆಗುತ್ತದೆ. ಕೊರತೆಯೆಂದರೆ ಉತ್ತರ ಬಾಯಿಗೆ ಬರುತ್ತದೆ, ಸೊಪ್ಪು ಬಾಯಿಗೆ ಹೋಗುವುದಿಲ್ಲ.

ಬಿಸಿಯೂಟ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಆಗುತ್ತದೆ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ಲೆಕ್ಕ. ಒಟ್ಟು 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ಇದರ ಮೇಲೆ 2013ರಿಂದ ಕ್ಷೀರಭಾಗ್ಯದ ಹಾಲು, ಆಮೇಲೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, 2024ರಿಂದ ರಾಗಿ ಮಾಲ್ಟ್. ಇಷ್ಟು ಸಾಮಗ್ರಿ ಇರುವ ಪ್ರಯೋಗಶಾಲೆ ಬೇರೆ ಯಾವ ವಿಷಯಕ್ಕೂ ನಮ್ಮ ಶಾಲೆಗಳಲ್ಲಿ ಇಲ್ಲ.

ಆದರೆ ತಟ್ಟೆಗೆ ಬಿದ್ದದ್ದೆಲ್ಲ ಹೊಟ್ಟೆಗೆ ಹೋಯಿತೆಂದುಕೊಳ್ಳಬೇಡಿ. ಸಾಲಿನಲ್ಲಿ ಕೂತ ಮಕ್ಕಳ ತಟ್ಟೆಯ ಅಂಚು ನೋಡಿ. ಬೀನ್ಸ್ ತುಂಡು, ಟೊಮೇಟೊ ಸಿಪ್ಪೆ, ಸುತ್ತಿಕೊಂಡ ಸೊಪ್ಪಿನ ಎಳೆ, ಕರಿಬೇವು, ಎಲ್ಲವನ್ನೂ ಬೆರಳಲ್ಲಿ ಹಿಂಡಿ ಸಾರು ಮಾತ್ರ ಅನ್ನಕ್ಕೆ ಬಿಟ್ಟುಕೊಂಡು ತುಂಡನ್ನು ಅಂಚಿಗೆ ಒತ್ತಿರುತ್ತಾರೆ. ಆ 50 ಗ್ರಾಂ ತರಕಾರಿಯಲ್ಲಿ ಅರ್ಧಕ್ಕರ್ಧ ಹಾಗೇ ತೊಟ್ಟಿಗೆ ಹೋಗುತ್ತದೆ. ಕಲಿಸಬೇಕಾದ ಪಾಠ ಇರುವುದು ಅಲ್ಲಿ.

ಕೆಲಸ ಮಾಡುವ ಉಪಾಯ ಸರಳ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಹೇಗೂ ಇದೆ. ಅಡುಗೆಮನೆಯಲ್ಲಿ ರುಚಿ ನೋಡಿದ್ದಕ್ಕೇ ಬಿಡದೆ, ಮಕ್ಕಳ ಪಂಕ್ತಿಯಲ್ಲೂ ಕೂತು ಅದೇ ತಟ್ಟೆಯಲ್ಲಿ ಅದೇ ಊಟ ಮಾಡಿ. ಹೊಸ ರುಚಿಗೆ ಮಗುವಿನ ನಾಲಗೆ ಒಗ್ಗಲು ಎಂಟು ಹತ್ತು ಸಲವಾದರೂ ತಿನ್ನಬೇಕು, ಕೆಲವರಿಗೆ ಹದಿನೈದು ಸಲ ಆದರೂ ಆದೀತು. ಹಾಗಾಗಿ 'ಒಂದೇ ತುತ್ತು' ಎಂಬ ಕಟ್ಟು ಸಾಕು. ಒಂದು ತುಂಡು ಅಗಿದು ನುಂಗಿದರೆ ಆಯಿತು, ಉಳಿದದ್ದಕ್ಕೆ ಒತ್ತಾಯ ಇಲ್ಲ. ಗದರಿಸಿ ಪೂರ್ತಿ ತಿನ್ನಿಸಿದ ದಿನ ಗೆದ್ದಂತೆ ಕಾಣುತ್ತದೆ, ಮಾರನೇ ದಿನ ಆ ಮಗು ಸಾರೇ ಬೇಡ ಎನ್ನುತ್ತದೆ. ಅಡುಗೆಯ ಅಕ್ಕಂದಿರ ಜೊತೆ ಮಾತಾಡಿ ಚಿಕ್ಕ ಮಕ್ಕಳಿಗಾಗಿ ತರಕಾರಿಯನ್ನು ಸಣ್ಣಗೆ ಹೆಚ್ಚಲು ಹೇಳಿ. ಸೊಪ್ಪನ್ನು ಬೇಳೆಯ ಜೊತೆ ಮಸೆದರೆ ಎಳೆ ಬಾಯಿಗೆ ಸಿಕ್ಕುವುದಿಲ್ಲ. ಸೊಪ್ಪು, ಕಾಳು ಇರುವ ದಿನ ಕೊನೆಯಲ್ಲಿ ನಿಂಬೆಹುಳಿ ಹಿಂಡಿದರೆ ಅದರ ಕಬ್ಬಿಣದ ಅಂಶ ಮೈಗೆ ಹೆಚ್ಚು ಹತ್ತುತ್ತದೆ. ಊಟವಾದ ಕೂಡಲೇ ಟೀ ಕುಡಿದರೆ ಕಡಿಮೆ ಹತ್ತುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಟೀ ಕೊಡುವ ಊರುಗಳಲ್ಲಿ ಈ ಮಾತನ್ನು ಪಾಲಕರ ಸಭೆಯಲ್ಲಿ ಹೇಳಲೇಬೇಕು.

ಪಾಠ ಬಿಡಿ ಎನ್ನುತ್ತಿಲ್ಲ. ಸಮಯ ಒಂದಕ್ಕೇ ಇದ್ದರೆ ತಟ್ಟೆಯನ್ನು ಆರಿಸಿ, ಪಾಠವನ್ನು ಅದರ ಹಿಂದೆ ಕಟ್ಟಿ. ನಿನ್ನೆ ತಿಂದ ಸಾರಿನಲ್ಲಿ ಯಾವ ಯಾವ ತರಕಾರಿ ಇತ್ತು ಎಂದು ಕೇಳುವುದರಿಂದ ಪಾಠ ಶುರುವಾದರೆ ಚಾರ್ಟ್ ತಾನಾಗಿ ಅರ್ಥವಾಗುತ್ತದೆ.

ಕೈತೋಟವೋ, ಒಲೆಯಿಲ್ಲದ ಅಡುಗೆಯೋ?

ತಾನೇ ನೆಟ್ಟ ಸೊಪ್ಪನ್ನು ಮಗು ತಿನ್ನುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಬೆಂಡೆ, ಹರಿವೆ, ಮೆಂತ್ಯ, ನುಗ್ಗೆ ಬೆಳೆಯಲು ದೊಡ್ಡ ಜಾಗವೂ ಬೇಡ. ಕೈ ತೊಳೆದ ನೀರು ಹರಿಯುವ ಕಡೆ ಒಂದು ಪಾತಿ ಸಾಕು. ಮೆಂತ್ಯ ಮೂರು ನಾಲ್ಕು ವಾರದಲ್ಲಿ ಕೊಯ್ಲಿಗೆ ಬರುತ್ತದೆ, ಚಿಕ್ಕ ಮಕ್ಕಳ ತಾಳ್ಮೆಗೆ ಅದು ಸರಿಯಾದ ಬೆಳೆ. ಒಂದನೇ ತರಗತಿಯವರಿಗೆ ಬದನೆ ನೆಡಿಸಿದರೆ ಹೂ ಬಿಡುವಷ್ಟರಲ್ಲಿ ಅವರ ಆಸಕ್ತಿ ಎಲ್ಲೋ ಹೋಗಿರುತ್ತದೆ.

ತೋಟದ ಕಷ್ಟ ನೀರು ಮತ್ತು ರಜೆ. ದಸರಾ ರಜೆಯಲ್ಲಿ ಹೇಗೋ ಉಳಿಯುತ್ತದೆ, ಏಪ್ರಿಲ್–ಮೇಯಲ್ಲಿ ಉಳಿಯುವುದಿಲ್ಲ. ಕಾಂಪೌಂಡ್ ಇಲ್ಲದಿದ್ದರೆ ದನಕ್ಕೆ ಮೇವು. ಆಸಕ್ತಿಯ ಶಿಕ್ಷಕರು ವರ್ಗವಾಗಿ ಹೋದರೆ ತೋಟವೂ ಮುಗಿಯಿತು. ಆದ್ದರಿಂದ ಜೂನ್‌ನಲ್ಲಿ ಬಿತ್ತಿ ಮಾರ್ಚ್‌ಗೆ ಮುಗಿಯುವ ಸೊಪ್ಪಿಗೆ ಸೀಮಿತವಾಗಿರಿ, ಒಂದೆರಡು ನುಗ್ಗೆ ಗಿಡ ಮಾತ್ರ ಶಾಶ್ವತಕ್ಕೆ ಇರಲಿ.

ಒಲೆಯಿಲ್ಲದ ಅಡುಗೆಗೆ ಅರ್ಧ ಗಂಟೆ ಸಾಕು. ತಿಂಗಳಿಗೊಮ್ಮೆ ಬ್ಯಾಗ್ ಇಲ್ಲದೆ ಬರುವ ಶನಿವಾರ ಇದಕ್ಕೆ ಹೇಳಿ ಮಾಡಿಸಿದ ದಿನ. ಹೆಸರುಬೇಳೆ ಕೋಸಂಬರಿ, ಮೊಳಕೆಕಾಳಿನ ಸಲಾಡ್, ಗೊಜ್ಜವಲಕ್ಕಿ, ಹುರಿಗಡಲೆ–ಶೇಂಗಾ–ಬೆಲ್ಲದ ಉಂಡೆ. ಹೆಚ್ಚುವ ಕೆಲಸ ದೊಡ್ಡವರಿಗಿರಲಿ, ತೊಳೆಯುವುದು, ತುರಿಯುವುದು, ಕಲಸುವುದು, ಬಡಿಸುವುದು ಮಕ್ಕಳಿಗೆ. ಕೋಸಂಬರಿ ಕಲಸಿದ ಮಗು ಅದನ್ನು ಮೂಸಿ ನೋಡದೆ ಇರುವುದಿಲ್ಲ, ಮೂಸಿದ ಮೇಲೆ ಬೆರಳಿಗೆ ಹತ್ತಿದ್ದನ್ನು ನೆಕ್ಕಿಯೇ ನೋಡುತ್ತದೆ. ಆದರೆ ಇದು ತಿಂಗಳಿಗೆ ಒಂದೇ ಸಲ ಎಂಬುದನ್ನು ಮರೆಯಬೇಡಿ. ಜಾಗ, ನೀರು ಎರಡೂ ಇರುವ ಶಾಲೆಗೆ ತೋಟ ಮೊದಲು. ಇಲ್ಲದ ಶಾಲೆ ಅಡುಗೆಯನ್ನು ಹದಿನೈದು ದಿನಕ್ಕೊಮ್ಮೆ ಇಟ್ಟುಕೊಂಡರೆ ಸರಿಹೋಗುತ್ತದೆ.

ಡಬ್ಬಿ ತರುವ ಶಾಲೆಗಳಲ್ಲಿ

ಖಾಸಗಿ ಶಾಲೆಗಳಲ್ಲಿ ಈಗ ವಾರದ ತಿಂಡಿಪಟ್ಟಿ ಕೊಡುವ ರೂಢಿ ಬಂದಿದೆ. ಸೋಮವಾರ ಚಪಾತಿ–ಪಲ್ಯ, ಮಂಗಳವಾರ ಇಡ್ಲಿ, ಬುಧವಾರ ಹಣ್ಣು, ಹೀಗೆ. ಉದ್ದೇಶ ಒಳ್ಳೆಯದು. ಎಲ್ಲರದ್ದೂ ಒಂದೇ ಇದ್ದರೆ ಮಕ್ಕಳು ಹೋಲಿಸಿಕೊಂಡು ಅಳುವುದಿಲ್ಲ. ಆದರೆ ಇದರ ಭಾರ ಬೀಳುವುದು ತಾಯಂದಿರ ಮೇಲೆ. "ಮಿಸ್, ಏಳಕ್ಕೆಲ್ಲ ವ್ಯಾನ್ ಬಂದುಬಿಡುತ್ತೆ. ಪಟ್ಟಿ ಪ್ರಕಾರ ಮಾಡೋಕೆ ಹೋದ್ರೆ ಐದಕ್ಕೆ ಏಳ್ಬೇಕು" ಎಂದು ಒಬ್ಬರು ಪಾಲಕರ ಸಭೆಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೆಲ್ಲ ತಲೆಯಾಡಿಸಿದರು. ಪಟ್ಟಿ ತಪ್ಪಿದ ದಿನ ಮಗು ಡಬ್ಬಿ ಮುಚ್ಚಿಟ್ಟುಕೊಂಡು ಕೂರುತ್ತದೆ, ತಿನ್ನುವುದೇ ಇಲ್ಲ.

ಇದಕ್ಕಿಂತ ನನಗೆ ಸರಿ ಕಂಡಿರುವುದು ಒಂದೇ ಬೇಡಿಕೆ ಇಡುವುದು. ದೊಡ್ಡ ಡಬ್ಬಿಯಲ್ಲಿ ಮನೆಯಲ್ಲಿ ಆದದ್ದು ಏನಾದರೂ ಇರಲಿ, ಚಿಕ್ಕ ಡಬ್ಬಿಯಲ್ಲಿ ಮಾತ್ರ ದಿನಾ ಒಂದು ಹಣ್ಣೋ ಹಸಿ ತರಕಾರಿಯೋ ಕಾಳೋ ಬರಲಿ. ಸೌತೆಕಾಯಿ ನಾಲ್ಕು ಹೋಳು, ಬೇಯಿಸಿದ ಶೇಂಗಾ ಒಂದು ಹಿಡಿ, ಸೀಬೆಹಣ್ಣು, ಏನಾದರೂ. ಆಪಲ್, ಕಿವಿ ಬೇಕಿಲ್ಲವೆಂದು ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ದುಡ್ಡಿಲ್ಲದವರು ಹಿಂಜರಿಯುತ್ತಾರೆ. ನಮ್ಮ ಸೀಬೆ, ನೆಲ್ಲಿ ವಿಟಮಿನ್ ಸಿ ವಿಷಯದಲ್ಲಿ ಆಪಲ್‌ಗಿಂತ ಎಷ್ಟೋ ಮುಂದೆ. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ರಾಗಿ ರೊಟ್ಟಿ ತಂದ ಮಗು ತಲೆ ತಗ್ಗಿಸಬೇಕಾದ್ದೇ ಇಲ್ಲ. ಮನೆಯ ಊಟದ ಬಗ್ಗೆ, ಮೊಟ್ಟೆ–ಮೀನಿನ ವಾಸನೆಯ ಬಗ್ಗೆ ಯಾರೂ ಮೂಗು ಮುರಿಯದಂತೆ ನೋಡಿಕೊಳ್ಳುವುದೂ ಆಹಾರದ ಪಾಠವೇ. ಒಂದು ಸಲ ಅವಮಾನವಾದ ಮಗು ಆ ಪದಾರ್ಥವನ್ನು ಮನೆಯಲ್ಲೂ ಬಿಡುತ್ತದೆ.

ಪ್ಯಾಕೆಟ್ ತಿಂಡಿ: ನಿಷೇಧವೋ, ತೋರಿಸಿ ಹೇಳುವುದೋ?

ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸನ್ನು ಶಾಲೆಯೊಳಗೆ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಒಂದು, ಎರಡನೇ ತರಗತಿಗೆ ನಿಷೇಧವೇ ಸರಿ. ಕಣ್ಣಿಗೆ ಕಾಣದಿದ್ದರೆ ಕೇಳುವುದಿಲ್ಲ. ನಾಲ್ಕು, ಐದಕ್ಕೆ ಅದು ಸಾಲದು. ಅವರ ಕೈಯಲ್ಲಿ ಹತ್ತು ರೂಪಾಯಿ ಇರುತ್ತದೆ, ಸಂಜೆ ಅಂಗಡಿ ದಾರಿಯಲ್ಲೇ ಸಿಗುತ್ತದೆ.

ಆ ವಯಸ್ಸಿಗೆ ಗಣಿತದ ಪೀರಿಯಡ್‌ನಲ್ಲೇ ಇದನ್ನು ಮಾಡಿಸಿ. ತಂಪು ಪಾನೀಯದ ಖಾಲಿ ಬಾಟಲಿ ತನ್ನಿ, ಲೇಬಲ್‌ನಲ್ಲಿ 100 ಮಿಲಿಲೀಟರ್‌ಗೆ ಸಕ್ಕರೆ ಎಷ್ಟೆಂದು ಓದಿಸಿ. ಕೋಲಾದಂಥದ್ದರಲ್ಲಿ ಸಾಮಾನ್ಯವಾಗಿ ಹತ್ತು ಗ್ರಾಂ ಮೇಲಿರುತ್ತದೆ. 300 ಮಿಲಿಲೀಟರ್‌ಗೆ ಮೂವತ್ತು ಗ್ರಾಂ. ಒಂದು ಟೀ ಚಮಚಕ್ಕೆ ನಾಲ್ಕೈದು ಗ್ರಾಂ ಹಿಡಿದು ಮಕ್ಕಳಿಂದಲೇ ಗಾಜಿನ ಲೋಟಕ್ಕೆ ಸಕ್ಕರೆ ಹಾಕಿಸಿ, ಎಲ್ಲರೂ ಎಣಿಸಲಿ. ಆರನೇ ಚಮಚಕ್ಕೆ ತರಗತಿ ತಾನಾಗಿ ಸುಮ್ಮನಾಗುತ್ತದೆ. ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ 'ಶುಗರ್ ಬೋರ್ಡ್' (ತಿನಿಸುಗಳಲ್ಲಿ ಸಕ್ಕರೆ ಎಷ್ಟಿದೆ ಎಂದು ತೋರಿಸುವ ಫಲಕ) ಹಾಕಲು ಹೇಳಿದ್ದು ಇದೇ ವಿಚಾರಕ್ಕೆ. ಬೋರ್ಡಿಗಿಂತ ಚಮಚ ಹೆಚ್ಚು ಕಾಲ ನೆನಪಿರುತ್ತದೆ.

ಬಾಟಲಿಯ ಜಾಗಕ್ಕೆ ನೀರು ಬರಬೇಕು. 2019ರಲ್ಲಿ ಕೇರಳದ ಶಾಲೆಗಳಲ್ಲಿ ಶುರುವಾದ, ನೀರು ಕುಡಿಯಲು ನೆನಪಿಸುವ ನೀರಿನ ಗಂಟೆಯನ್ನು ಯಾವ ಶಾಲೆಯೂ ನಾಳೆಯಿಂದಲೇ ಬಾರಿಸಬಹುದು. ಆದರೆ ಶೌಚಾಲಯ ಸರಿಯಿಲ್ಲದ ಕಡೆ ಹೆಣ್ಣುಮಕ್ಕಳು ಗಂಟೆ ಬಾರಿಸಿದರೂ ನೀರು ಕುಡಿಯುವುದಿಲ್ಲ. ಅಲ್ಲಿ ಮೊದಲು ಶೌಚಾಲಯದ ಕೆಲಸ ಆಗಲಿ.

ಆಟದ ಕಡೆಗೆ

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಷ್ಟು ಚಟುವಟಿಕೆಯಿಂದ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಸಾಮಾನ್ಯವಾಗಿ ದೈಹಿಕ ಶಿಕ್ಷಕರ ಹುದ್ದೆಯೇ ಇರುವುದಿಲ್ಲ. ಇದ್ದ ಕಡೆಯೂ ವಾರಕ್ಕೆ ಕೆಲವೇ ಪೀರಿಯಡ್. ಹಾಗಾಗಿ ಇರುವ ನಿಮಿಷಗಳಲ್ಲಿ ಯಾವ ಆಟಕ್ಕೆ ಹೆಚ್ಚು ಮಕ್ಕಳು ನಿಜವಾಗಿ ಓಡುತ್ತಾರೆ ಎನ್ನುವುದೇ ಪ್ರಶ್ನೆ.

ಒಂದು ಸಲ ಗಡಿಯಾರ ಹಿಡಿದು ಯಾವುದಾದರೂ ಒಂದು ಮಗುವನ್ನು ಹತ್ತು ನಿಮಿಷ ನೋಡಿ. ಚೆನ್ನಾಗಿ ಆಡುವ ಮಗು ಬೇಡ, ಬೌಂಡರಿ ಹತ್ತಿರ ನಿಂತಿರುವ ಮಗು. ನಲವತ್ತು ಮಕ್ಕಳ ಕ್ರಿಕೆಟ್‌ನಲ್ಲಿ ಅದು ಹತ್ತು ನಿಮಿಷವೂ ಹುಲ್ಲು ಕೀಳುತ್ತ ನಿಂತಿರುತ್ತದೆ. ಖೋಖೋ ನಮ್ಮ ಹೆಮ್ಮೆಯ ಆಟ, ಆದರೆ ನಿಯಮದ ಪ್ರಕಾರ ಅಂಕಣದಲ್ಲಿ ಎಂಟು ಜನ ಕೂತು, ಒಬ್ಬರು ಅಟ್ಟಿ, ಮೂವರು ಓಡುತ್ತಾರೆ. ಉಳಿದವರು ನೋಡುತ್ತಾರೆ. ಐದನೇ ತರಗತಿಯ ನಂತರ ಅದು ಬರಲಿ. ಚಿಕ್ಕವರಿಗೆ ಲಗೋರಿ ಮೇಲು, ಎರಡೂ ತಂಡ ಓಡುತ್ತದೆ. ಕುಂಟೆಬಿಲ್ಲೆಗೆ ಅಂಗಳದ ತುಂಬ ಏಳೆಂಟು ಅಂಕಣ ಗೀಚಿದರೆ ಐದಾರು ಮಕ್ಕಳಿಗೊಂದು ಸಿಗುತ್ತದೆ. ಒಂಟಿಕಾಲಿನ ಕುಪ್ಪಳಿಕೆ ಮೂಳೆಗೂ ಒಳ್ಳೆಯದು, ಸಮತೋಲಕ್ಕೂ ಒಳ್ಳೆಯದು.

ಎಲ್ಲಕ್ಕಿಂತ ಅಗ್ಗದ ಆಟ ಕೆರೆ–ದಡ. ಒಂದು ಗೆರೆ, ಒಂದು ದನಿ, ಅಷ್ಟೇ. ನಲವತ್ತು ಮಕ್ಕಳೂ ಒಟ್ಟಿಗೆ ಜಿಗಿಯುತ್ತಾರೆ. ಆದರೆ ತಪ್ಪು ಜಿಗಿದವರು ಔಟ್ ಎಂದು ಕೂರಿಸುವ ನಿಯಮ ಇದೆಯಲ್ಲ, ಅದು ಯಾರನ್ನು ಮೊದಲು ಕೂರಿಸುತ್ತದೆ? ನಿಧಾನದ ಮಗುವನ್ನೇ. ಅತಿ ಹೆಚ್ಚು ಜಿಗಿಯಬೇಕಾದವರು ಮೊದಲು ಕೂರುತ್ತಾರೆ. ನಿಯಮ ಬದಲಿಸಿ: ಔಟಾದವರು ಧ್ವಜಕಟ್ಟೆಯನ್ನು ಒಂದು ಸುತ್ತು ಕುಂಟುತ್ತ ಹೋಗಿ ಮತ್ತೆ ಸೇರಿಕೊಳ್ಳಲಿ. ಇಷ್ಟೇ ಬದಲಾವಣೆಯಿಂದ ಆಟದ ಕೊನೆಯವರೆಗೂ ಯಾರೂ ಕೂರುವುದಿಲ್ಲ. ಲಾಕ್ ಅಂಡ್ ಕೀ, ಮುಟ್ಟಾಟ, ಹುಲಿ–ಕುರಿ ಎಲ್ಲಕ್ಕೂ ಹೀಗೆ ಒಂದು ತಿದ್ದುಪಡಿ ಸಾಧ್ಯ.

ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಊರಿನ ಒಂದು ಪ್ರಾಥಮಿಕ ಶಾಲೆ 2012ರಲ್ಲಿ ಶುರು ಮಾಡಿದ 'ಡೈಲಿ ಮೈಲ್' ಕ್ರಮವನ್ನೂ ಇಲ್ಲಿ ಲೆಕ್ಕಕ್ಕೆ ಇಡಬೇಕು. ದಿನಾ 15 ನಿಮಿಷ, ಯೂನಿಫಾರ್ಮ್‌ನಲ್ಲೇ, ತನ್ನ ತನ್ನ ವೇಗದಲ್ಲಿ ಓಡು ಅಥವಾ ನಡೆ. ಸ್ಪರ್ಧೆ ಇಲ್ಲ, ಸಾಮಾನು ಬೇಡ, ದೈಹಿಕ ಶಿಕ್ಷಕರು ಬೇಡ. ನಮ್ಮಲ್ಲಿ ಪ್ರಾರ್ಥನೆ ಮುಗಿದ ಕೂಡಲೇ, ಬಿಸಿಲೇರುವ ಮುಂಚೆ, ಶಾಲೆಯ ಸುತ್ತ ಇದನ್ನು ಮಾಡಿಸಬಹುದು. ರಾಯಚೂರು, ಕಲಬುರಗಿ ಕಡೆ ಫೆಬ್ರವರಿಯ ನಂತರ ನೆರಳಿಗೆ ಬದಲಿಸಬೇಕಾಗುತ್ತದೆ. ಚಪ್ಪಲಿ ಇಲ್ಲದ ಮಕ್ಕಳಿಗಾಗಿ ದಾರಿಯ ಕಲ್ಲು, ಮುಳ್ಳು ಮೊದಲು ಗುಡಿಸಿರಬೇಕು. ಸತ್ಯ ಹೇಳಬೇಕೆಂದರೆ ಮಕ್ಕಳಿಗೆ ಇದು ಕೆಲವು ವಾರಕ್ಕೆ ಬೇಸರ ಬರುತ್ತದೆ, ಆಟದಷ್ಟು ಸೆಳೆಯುವುದಿಲ್ಲ. ಆದರೆ ಪ್ರತಿ ಮಗುವಿಗೂ ದಿನಾ ಸಿಗುವ ನಿಮಿಷಗಳ ಲೆಕ್ಕದಲ್ಲಿ ಇದನ್ನು ಮೀರಿಸುವುದು ಬೇರೊಂದಿಲ್ಲ.

ಯೋಗ ಮೈ ಬಳುಕಿಸುತ್ತದೆ, ಕೂತು ಉಸಿರಾಡಲು ಕಲಿಸುತ್ತದೆ. ಓಟದ ಬದಲಿಗೆ ಬಾರದು, ಜೊತೆಗೆ ಇರಲಿ. ಮೈದಾನವೇ ಇಲ್ಲದ ಕಡೆ ಕೋಲಾಟ ನನ್ನ ಮೊದಲ ಆಯ್ಕೆ. ಹಾಲ್ ಇದ್ದರೆ ಸಾಕು, ಇಪ್ಪತ್ತು ನಿಮಿಷ ಯಾರೂ ಔಟಾಗುವುದಿಲ್ಲ, ಗಂಡು ಹೆಣ್ಣು ಎಲ್ಲ ಕುಣಿಯುತ್ತಾರೆ.

ಇಲ್ಲಿ ಆಯ್ಕೆಯ ಮಾತೇ ಇಲ್ಲದ ಎರಡು ವಿಷಯಗಳಿವೆ. ಬಸ್ಕಿ ಹೊಡೆಸುವುದು, ಮೈದಾನ ಸುತ್ತಿಸುವುದು ಶಿಕ್ಷೆಯಾಗಬಾರದು. ಓಟವೆಂದರೆ ತಪ್ಪಿಗೆ ಸಿಗುವ ದಂಡನೆ ಎಂದು ಕಲಿತ ಮಗು ಅದನ್ನು ಪ್ರೀತಿಸುವುದು ಎಂದಿಗೂ ಇಲ್ಲ. ಗಣಿತ ಮುಗಿದಿಲ್ಲವೆಂದು ಆಟದ ಪೀರಿಯಡ್ ಕಿತ್ತುಕೊಳ್ಳುವುದೂ ಬೇಡ. ಹಾಗೆಯೇ ತೂಕ ನೋಡುವಾಗ ಒಬ್ಬೊಬ್ಬರನ್ನೇ ಒಳಗೆ ಕರೆಯಿರಿ, ಅಂಕಿಯನ್ನು ಗಟ್ಟಿಯಾಗಿ ಓದಬೇಡಿ. ನಗರದ ಶಾಲೆಯ ದಪ್ಪ ಮಗುವಿಗೆ ಊಟ ಕಡಿಮೆ ಮಾಡು ಎಂದು ಶಿಕ್ಷಕರು ಹೇಳುವಂತಿಲ್ಲ. ಅದು ಪಾಲಕರು, ವೈದ್ಯರು ಮಾತಾಡಬೇಕಾದ ವಿಷಯ. ಶಾಲೆ ಆ ಮಗುವಿಗೆ ಕೊಡಬೇಕಾದದ್ದು ಆಟದಲ್ಲಿ ಜಾಗ.

ಬಹುಮಾನದ ಬಗ್ಗೆಯೂ ಒಂದು ಮಾತು. 'ಪಲ್ಯ ತಿಂದರೆ ಚಾಕೊಲೇಟ್' ಎಂದರೆ ಮಗುವಿಗೆ ತಿಳಿಯುವುದು ಪಲ್ಯ ಕೆಟ್ಟದ್ದು, ಚಾಕೊಲೇಟ್ ಒಳ್ಳೆಯದು ಎಂದೇ. "ಇವತ್ತು ಬೀಟ್‌ರೂಟ್ ರುಚಿ ನೋಡಿದೆಯಲ್ಲ ಪುಟ್ಟ, ಹೇಗಿತ್ತು?" ಎಂದು ಕೇಳಿದರೆ ಸಾಕು. ಚೆನ್ನಾಗಿಲ್ಲ ಎಂದರೂ ಸರಿ, ಮುಂದಿನ ವಾರ ಮತ್ತೆ ಒಂದು ತುತ್ತು.

ನಿಮ್ಮ ಶಾಲೆಗೆ ಯಾವುದು?

ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಾದರೆ ಎರಡೇ ಸಾಕು: ಬಿಸಿಯೂಟದ ಪಂಕ್ತಿಯಲ್ಲಿ 'ಒಂದು ತುತ್ತು', ಪ್ರಾರ್ಥನೆಯ ನಂತರ 15 ನಿಮಿಷದ ಓಟ. ಎರಡಕ್ಕೂ ಪೀರಿಯಡ್ ಬೇಡ, ಕಾಸು ಬೇಡ. ನಲಿಕಲಿ ತರಗತಿಯಲ್ಲಿ ಮೂರು ತರಗತಿಯ ಮಕ್ಕಳು ಒಟ್ಟಿಗೆ ಕೂರುವುದರಿಂದ ದೊಡ್ಡವರನ್ನು ನೋಡಿ ಚಿಕ್ಕವರು ತಿನ್ನುತ್ತಾರೆ, ಊಟಕ್ಕೂ ಅದೇ ರೀತಿ ಕೂರಿಸಿ.

ಜಾಗ, ನೀರು, ಆಸಕ್ತಿಯ ಎಸ್‌ಡಿಎಂಸಿ ಇರುವ ಹಿರಿಯ ಪ್ರಾಥಮಿಕ ಶಾಲೆ ಇದಕ್ಕೆ ಸೊಪ್ಪಿನ ಪಾತಿ ಸೇರಿಸಲಿ. ಮೂರನೇ ಮಹಡಿಯಲ್ಲಿ ತರಗತಿ, ಕೆಳಗೆ ಬಸ್ಸು ನಿಲ್ಲುವ ಅಂಗಳ ಮಾತ್ರ ಇರುವ ನಗರದ ಶಾಲೆಗೆ ಚಿಕ್ಕ ಡಬ್ಬಿ, ಸಕ್ಕರೆಯ ಚಮಚ, ಹಾಲ್‌ನಲ್ಲಿ ಕೋಲಾಟ, ಬಸ್ಸುಗಳು ಹೋದ ಮೇಲೆ ಅಂಗಳದಲ್ಲಿ ಕೆರೆ–ದಡ.

ಶಾಲೆ ಏನೂ ಮಾಡದಿದ್ದರೆ ಪಾಲಕರ ಕೈಯಲ್ಲಿ ಉಳಿಯುವುದು ರಾತ್ರಿಯ ಊಟ ಮತ್ತು ಸಂಜೆಯ ಒಂದು ಗಂಟೆ. ಟಿವಿ, ಮೊಬೈಲ್ ಆಫ್ ಮಾಡಿ ಒಟ್ಟಿಗೆ ಕೂತು ಉಣ್ಣಿ. ಅಪ್ಪ ಸೊಪ್ಪಿನ ಪಲ್ಯ ಬದಿಗೆ ತಳ್ಳಿದರೆ ಮಗನೂ ತಳ್ಳುತ್ತಾನೆ. ಸಂಜೆ ಟ್ಯೂಷನ್‌ಗಿಂತ ಮೊದಲು ನಿಮ್ಮ ಬೀದಿಯ ಮಕ್ಕಳೊಡನೆ ಒಂದು ಗಂಟೆ ಆಡಲು ಬಿಡಿ.

ಯಾವುದನ್ನೇ ಆರಿಸಿದರೂ ದಸರಾ ರಜೆಯವರೆಗೆ ಬದಲಿಸದೆ ನಡೆಸಿ. ರಜೆಗೆ ಮುಂಚೆ ಒಂದು ಮಧ್ಯಾಹ್ನ ಊಟದ ತೊಟ್ಟಿಗೆ ಬಿದ್ದ ತರಕಾರಿ ನೋಡಿ, ಇನ್ನೊಂದು ದಿನ ಆಟದಲ್ಲಿ ಆ ಹಿಂದೆ ಉಳಿದ ಮಗುವನ್ನು ಮತ್ತೆ ಹತ್ತು ನಿಮಿಷ ನೋಡಿ. ತೊಟ್ಟಿ ಹಾಗೇ ಇದ್ದರೆ ಮೊದಲು ಅಡುಗೆಯ ಅಕ್ಕನ ಹತ್ತಿರ ಹೆಚ್ಚುವ ರೀತಿಯ ಬಗ್ಗೆ ಮಾತಾಡಿ. ಮಗು ಇನ್ನೂ ನಿಂತೇ ಇದ್ದರೆ ಆಟದ ನಿಯಮ ಬದಲಿಸಿ.